ಐದನೇ ಕ್ಲಾಸಿನ ದತ್ತಾಂಶ ಪಾಠ: ಬೇರೆ ದೇಶಗಳಲ್ಲಿ ಹೇಗೆ, ನೀವು ಹೇಗೆ ಮಾಡಿದ್ದೀರಿ?

ಕೇಳಿದವರು, ಚಿಂತಾಮಣಿ ಕಡೆಯ ಟೀಚರ್:
ಎಲ್ಲರಿಗೂ ನಮಸ್ಕಾರ. ಹಳ್ಳಿ ಶಾಲೆಯಲ್ಲಿ ನಾಲ್ಕು, ಐದನೇ ಕ್ಲಾಸಿಗೆ ಗಣಿತ ತೆಗೆದುಕೊಳ್ಳುತ್ತೇನೆ. ದತ್ತಾಂಶಗಳ ಪಾಠ ಬಂತು ಅಂದರೆ ಎರಡೇ ದಿನಕ್ಕೆ ಮುಗಿದುಹೋಗುತ್ತದೆ. ಪಟ್ಟಿ ಪುಸ್ತಕದಲ್ಲೇ ಇರುತ್ತದೆ, ಮಕ್ಕಳು ಕಂಬ ಎಳೆದು ಬಣ್ಣ ಹಚ್ಚುತ್ತಾರೆ, ಅಷ್ಟೇ. ಬೇರೆ ದೇಶಗಳಲ್ಲಿ ಇದನ್ನು ಹೇಗೆ ಕಲಿಸುತ್ತಾರೆ? ನನ್ನ ಹತ್ತಿರ ಕಂಪ್ಯೂಟರ್ ಇಲ್ಲ, ಮಕ್ಕಳು 23 ಜನ.

ಕೋಲಾರದಿಂದ:
ಮೇಡಂ, ಹೋದ ಬೇಸಿಗೆ ರಜೆಯಲ್ಲಿ ಮೂರ್ನಾಲ್ಕು ದೇಶಗಳ ಪಠ್ಯಕ್ರಮ ಪಕ್ಕಪಕ್ಕ ಇಟ್ಟುಕೊಂಡು ನೋಡಿದ್ದೆ. ಮೊದಲು ಯಾವ ಕ್ಲಾಸಿಗೆ ಯಾವ ಗ್ರಾಫ್ ಅಂತ ನೋಡಿದೆ, ಅದರಲ್ಲಿ ಅಂಥಾ ದೊಡ್ಡ ವ್ಯತ್ಯಾಸ ಏನಿಲ್ಲ. ಸಿಂಗಪುರದಲ್ಲಿ ಒಂದನೇ ಕ್ಲಾಸಿಗೆ ಚಿತ್ರನಕ್ಷೆ, ಮೂರಕ್ಕೆ ಕಂಬದ ಗ್ರಾಫು. ಇಂಗ್ಲೆಂಡಿನಲ್ಲಿ 2014ರಿಂದ ಜಾರಿಗೆ ಬಂದ ಪಠ್ಯಕ್ರಮದಲ್ಲಿ 'ಇಯರ್ 2' ಅನ್ನೋ ಕ್ಲಾಸಿಗೆ ಶುರು, 'ಇಯರ್ 6'ಕ್ಕೆ ಸರಾಸರಿ ಮತ್ತು ಪೈ ಚಾರ್ಟು. ಸಂಭವನೀಯತೆಯನ್ನು ಪ್ರೈಮರಿಯಿಂದ ಪೂರ್ತಿ ತೆಗೆದುಬಿಟ್ಟರು. ಅಮೆರಿಕದ ಬಹಳ ರಾಜ್ಯಗಳು ಒಪ್ಪಿಕೊಂಡ 2010ರ ಕಾಮನ್ ಕೋರ್‌ನಲ್ಲಿ ಐದನೇ ಕ್ಲಾಸಿನವರೆಗೆ ದತ್ತಾಂಶದ ಪಾಠ ಅಳತೆಯ ಜೊತೆಗೇ ಬರುತ್ತದೆ. ಮಕ್ಕಳೇ ಪೆನ್ಸಿಲ್ಲೋ ಕಡ್ಡಿಯೋ ಅಳೆದು, ಸಂಖ್ಯಾರೇಖೆಯ ಮೇಲೆ ಆಯಾ ಅಳತೆಗೆ ಒಂದೊಂದು ಗುರುತು ಹಾಕುತ್ತಾರೆ. ಇದಕ್ಕೆ ದುಡ್ಡೇ ಬೇಡ, ನಾಳೆಯೇ ಮಾಡಿಸಬಹುದು.

ನಿಜವಾಗಿ ಬೇರೆ ಅನ್ನಿಸಿದ್ದು ನ್ಯೂಜಿಲೆಂಡ್. ಅಲ್ಲಿ 2007ರ ಪಠ್ಯಕ್ರಮದಲ್ಲಿ ವಿಷಯದ ಹೆಸರೇ 'ಗಣಿತ ಮತ್ತು ಸಂಖ್ಯಾಶಾಸ್ತ್ರ'. ಅವರು ಐದು ಹೆಜ್ಜೆ ಹಿಡಿದು ಹೋಗುತ್ತಾರೆ: ಪ್ರಶ್ನೆ, ಯೋಜನೆ, ಮಾಹಿತಿ, ವಿಶ್ಲೇಷಣೆ, ತೀರ್ಮಾನ. ಗ್ರಾಫ್ ಬರೋದು ನಾಲ್ಕನೇ ಹೆಜ್ಜೆಗೆ. ನಾವು ನೋಡಿ, ನಾಲ್ಕರಲ್ಲೇ ಶುರು ಮಾಡಿ ನಾಲ್ಕರಲ್ಲೇ ಮುಗಿಸುತ್ತೇವೆ! ನನ್ನ ಕೇಳಿದರೆ ಯಾವ ದೇಶ ಯಾವ ಗ್ರಾಫನ್ನು ಎಷ್ಟು ಬೇಗ ಕಲಿಸುತ್ತದೆ ಅನ್ನೋ ಲೆಕ್ಕ ಸುಮ್ನೆ. ಆ ಪ್ರಶ್ನೆ ಯಾರದ್ದು, ಮಗುವಿನದ್ದಾ ಪುಸ್ತಕದ್ದಾ, ಅದನ್ನು ನೋಡಬೇಕು.

ಜಪಾನಿನವರೂ 2020ರಲ್ಲಿ ಜಾರಿಗೆ ತಂದ ಪ್ರೈಮರಿ ಪಠ್ಯಕ್ರಮದಲ್ಲಿ ದತ್ತಾಂಶ ಬಳಕೆಗೇ ಬೇರೆ ವಿಭಾಗ ಮಾಡಿದರು, ಮಧ್ಯಾಂಕ (ಸಾಲಾಗಿ ಬರೆದಾಗ ನಡುವೆ ಬರುವ ಸಂಖ್ಯೆ) ಮತ್ತು ಬಹುಲಕವನ್ನು (ಹೆಚ್ಚು ಸಲ ಬರುವ ಸಂಖ್ಯೆ) ಜೂನಿಯರ್ ಹೈಸ್ಕೂಲಿನಿಂದ ಆರನೇ ಕ್ಲಾಸಿಗೆ ಇಳಿಸಿದರು. ನಮ್ಮಲ್ಲಿ ಏಳಕ್ಕೆ ಬರುತ್ತಿತ್ತು. ಅಷ್ಟು ಚಿಕ್ಕವರಿಗೆ ಯಾಕಪ್ಪಾ ಅಂತ ನನಗೂ ಅನ್ನಿಸಿತ್ತು, ಟೊಮೆಟೊ ಲೆಕ್ಕ ಮಾಡಿಸುವ ತನಕ.

2023ರ ಜುಲೈ ನೆನಪಿದೆ ಅಲ್ವಾ, ನಮ್ಮ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು 2000 ದಾಟಿತ್ತು. ಆಮೇಲೆ ಒಂದು ದಿನ ಐದನೇ ಕ್ಲಾಸಿನ ಮಕ್ಕಳಿಗೆ, ಆ ವರ್ಷ ನಿಮ್ಮ ಮನೆ ಬಾಕ್ಸು ಎಷ್ಟಕ್ಕೆ ಹೋಯಿತು ಕೇಳಿಕೊಂಡು ಬನ್ನಿ ಅಂದೆ. ಐದು ಮನೆಯವರು ಹೇಳಿದ್ದು 120, 140, 150, 160, 1800. ನಾಲ್ಕು ಮನೆಯವರು ರೇಟು ಏರುವ ಮೊದಲೇ ಮಾರಿಬಿಟ್ಟಿದ್ದರು, ಪಾಪ. ಕೂಡಿ ಭಾಗಿಸಿದರು, ಸರಾಸರಿ 474 ಬಂತು. ಹಿಂದೆ ಕೂತಿದ್ದ ಹುಡುಗಿ, 'ಸಾರ್, 474ಕ್ಕೆ ಯಾರೂ ಮಾರಿಲ್ವಲ್ಲ' ಅಂದಳು. ಸಾಲಾಗಿ ಬರೆದು ನಡುವಿನದ್ದು ಯಾವುದು ನೋಡಿ ಅಂದೆ. 150. 'ಇದು ಸರಿ' ಅಂದರು. ಮಧ್ಯಾಂಕ ಅನ್ನೋ ಹೆಸರು ಕೂಡ ಹೇಳಲಿಲ್ಲ, ಮುಂದಿನ ಕ್ಲಾಸುಗಳಲ್ಲಿ ಹೇಗೂ ಬರುತ್ತೆ. ಆದರೆ 1800ಕ್ಕೆ ಮಾರಿದ ಮನೆಯ ಹುಡುಗ ಮಾತ್ರ ಸರಾಸರಿಯೇ ಸರಿ ಅಂತ ಹಟ ಹಿಡಿದ. ಯಾಕೆ ಅಂತ ಬಿಡಿಸಿ ಹೇಳಬೇಕಾ?

ಮಾಲೂರಿನಿಂದ:
ನಮ್ಮಕ್ಕನ ಮಗಳು ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಓದುತ್ತಾಳೆ. ಅಲ್ಲಿ 'ಸೆನ್ಸಸ್ ಅಟ್ ಸ್ಕೂಲ್' ಅಂತ ಇದೆ. 2000ದಲ್ಲಿ ಬ್ರಿಟನ್ನಿನಲ್ಲಿ ಶುರುವಾಗಿ ಬೇರೆ ದೇಶಗಳಿಗೂ ಹೋಗಿದ್ದು. ಮಕ್ಕಳು ತಮ್ಮ ಎತ್ತರ, ಪಾದದ ಉದ್ದ, ಶಾಲೆಗೆ ಹೇಗೆ ಬರುತ್ತೇವೆ ಅಂಥದ್ದನ್ನೆಲ್ಲ ತಾವೇ ಅಳೆದು ತುಂಬುತ್ತಾರೆ, ಆಮೇಲೆ ದೇಶದಲ್ಲಿ ಹೀಗೆ ತುಂಬಿದ ಮಕ್ಕಳೆಲ್ಲರ ಮಾಹಿತಿಯಿಂದ ಒಂದಿಷ್ಟು ಆರಿಸಿ ಹೋಲಿಸುತ್ತಾರೆ. ಅದನ್ನು ಕೇಳಿ ನಾನು ಇಲ್ಲಿ ಬ್ಯಾಗಿನ ತೂಕ ಮಾಡಿಸಿದೆ. ಅಂಗಡಿಯವರ ಹತ್ತಿರ ತಕ್ಕಡಿ ಇಸ್ಕೊಂಡು ಬಂದೆವು. ಮೂರರಿಂದ ಐದನೇ ಕ್ಲಾಸಿಗೆ ಬ್ಯಾಗು 2ರಿಂದ 3 ಕೆಜಿ ಇರಬೇಕು ಅಂತ ನಮ್ಮ ಸರ್ಕಾರದ್ದೇ 2019ರ ಸುತ್ತೋಲೆ ಇದೆ. ಬೋರ್ಡಿನ ಮೇಲೆ 3ಕ್ಕೆ ಒಂದು ಗೆರೆ ಎಳೆದು, ಯಾರ್ಯಾರದ್ದು ಗೆರೆ ಮೇಲೆ ಹೋಯಿತು ಅಂತ ಅವರವರೇ ಗುರುತು ಹಾಕಿದರು. ಒಬ್ಬನ ಬ್ಯಾಗು ವಿಪರೀತ ಭಾರ, ತೆಗೆದು ನೋಡಿದರೆ ಒಳಗೆ ಮಾವಿನಕಾಯಿ.

ಶಿಡ್ಲಘಟ್ಟದಿಂದ:
ನಾನು ಟೀಚರ್ ಅಲ್ಲ, ರೇಷ್ಮೆ ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಕೆಲಸ. ಮಗಳಿಗೆ ಮನೆಯಲ್ಲಿ ಒಂದು ತೋರಿಸಿದೆ. ಮೂರು ದಿನದ ಗೂಡಿನ ರೇಟು 510, 520, 530 ಅಂತ ಇಟ್ಟುಕೊಳ್ಳಿ. ಸೊನ್ನೆಯಿಂದ ಕಂಬ ಎಳೆದರೆ ಮೂರೂ ಒಂದೇ ಥರ. 500ರಿಂದ ಎಳೆದರೆ ಮೂರನೇದು ಮೊದಲನೇದರ ಮೂರರಷ್ಟು! ಕಂಬದ ಬುಡ ಕತ್ತರಿಸಿದ ಗ್ರಾಫು ಪೇಪರಿನಲ್ಲಿ, ಟಿವಿಯಲ್ಲಿ ಬೇಕಾದಷ್ಟು ಬರುತ್ತೆ. ಇದನ್ನು ಯಾವ ದೇಶದಲ್ಲಿ ಯಾವ ಕ್ಲಾಸಿಗೆ ಹೇಳಿಕೊಡುತ್ತಾರೋ, ನಮ್ಮ ಹುಡುಗರಿಗೆ ಬೇಗ ಹೇಳಿಕೊಡಿ ಮೇಡಂ.

ಗುಬ್ಬಿಯಿಂದ:
ಎಲ್ಲಾ ಚೆನ್ನಾಗಿದೆ, ಆದರೆ ನನ್ನ ಹತ್ತಿರ ಮೂರು ಕ್ಲಾಸು ಒಂದೇ ಕೋಣೆಯಲ್ಲಿ. ಒಂದು ಸಲ ಹೀಗೇ ಮಕ್ಕಳನ್ನು ತೆಂಗಿನ ಮರ ಎಣಿಸೋಕೆ ಹೊರಗೆ ಬಿಟ್ಟಿದ್ದೆ, ಶಾಲೆ ನೋಡಲು ಬಂದ ಒಬ್ಬರು 'ಪಾಠ ಬಿಟ್ಟು ಆಟ ಆಡಿಸ್ತಿದ್ದೀರಾ' ಅಂದರು. ಪರೀಕ್ಷೆಯಲ್ಲೂ ಸ್ಕೇಲು ಬರೆದಿದ್ದಕ್ಕೆ ಅಂಕ, ಗ್ರಾಫಿಗೆ ಹೆಸರು ಬರೆದಿದ್ದಕ್ಕೆ ಅಂಕ, ಗ್ರಾಫ್ ಏನು ಹೇಳುತ್ತದೆ ಅನ್ನೋದಕ್ಕೆ ಇಲ್ಲ. ಅದಕ್ಕೇ ಈಗ ವಾರಕ್ಕೆ ಒಂದೇ ಪ್ರಶ್ನೆ, ಶನಿವಾರ ಬೆಳಗ್ಗೆ, 20 ನಿಮಿಷ. ಚಿಕ್ಕವರು ಹುಣಸೆಬೀಜ ಜೋಡಿಸುತ್ತಾರೆ, ದೊಡ್ಡವರು ತಾಳೆ ಗುರುತು (ಒಂದೊಂದಕ್ಕೆ ಒಂದು ಗೀಟು) ಹಾಕುತ್ತಾರೆ.

ಮತ್ತೆ ಚಿಂತಾಮಣಿ ಟೀಚರ್:
ಎಲ್ಲರಿಗೂ ಥ್ಯಾಂಕ್ಸ್. ಕೋಲಾರದ ಸರ್ ಹೇಳಿದ ಹಾಗೆ ಈ ಸಲ ಪ್ರಶ್ನೆಯನ್ನು ಮಕ್ಕಳಿಗೇ ಬಿಟ್ಟೆ. 'ಯಾರ ಮನೆಯಲ್ಲಿ ದನ ಜಾಸ್ತಿ' ಅಂತ ಆರಿಸಿಕೊಂಡರು. ಎಣಿಸಿ ಬನ್ನಿ ಅಂತ ಕಳಿಸಿದೆ. ಮಾರನೇ ದಿನ ಬಂದು ಶುರುವಾಯಿತು ಜಗಳ: ಕರು ಲೆಕ್ಕಕ್ಕೆ ಬರುತ್ತಾ ಇಲ್ವಾ, ಎಮ್ಮೆ ದನವಾ ಅಲ್ವಾ, ತಾತನ ಮನೆಯಲ್ಲಿ ಕಟ್ಟಿರೋ ನಮ್ಮ ಹಸು ಯಾರ ಲೆಕ್ಕಕ್ಕೆ. ಪಿರಿಯಡ್ ಮುಗಿದು ಬೆಲ್ ಹೊಡೆದರೂ ನಿಲ್ಲಲಿಲ್ಲ. ಗ್ರಾಫ್ ಇನ್ನೂ ಬರೆದಿಲ್ಲ. ಎಮ್ಮೆಗೆ ಬೇರೆ ಕಂಬ ಅಂತ ತೀರ್ಮಾನ ಆಗಿದೆ, ಕರುವಿನ ವಿಷಯ ಸೋಮವಾರಕ್ಕೆ ಇಟ್ಟುಕೊಂಡಿದ್ದೇವೆ.