ಸಹಾಯ ಬೇಕು: ಅಮ್ಮನ ಕುತ್ತಿಗೆಯ ರಕ್ತನಾಳದಲ್ಲಿ ಪ್ಲಾಕ್ (ಒಳಗೋಡೆಗೆ ಕಟ್ಟಿಕೊಂಡ ಜಿಡ್ಡು)

ನಮಸ್ಕಾರ. 66 ವರ್ಷದ ಅಮ್ಮನಿಗೆ ಈ ವಾರ ಸಣ್ಣ ಸ್ಟ್ರೋಕ್ ಆಗಿ ಮಾತು ತೊದಲಿತು, ಈಗ ಸರಿಯಾಗಿದೆ. ಡಾಪ್ಲರ್‌ನಲ್ಲಿ ಎಡ ಕ್ಯಾರೋಟಿಡ್ (ಮೆದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ನಾಳ) ಸುಮಾರು 60% ಕಿರಿದಾಗಿದೆ ಎಂದು ಬಂದಿದೆ. ಪ್ಲಾಕ್ ತೆಗೆಯುವ ಆಪರೇಷನ್ನೋ, ಬರೀ ಮಾತ್ರೆಯೋ? ಬೇಗ ತೀರ್ಮಾನಿಸಬೇಕು, ತುಂಬಾ ಭಯವಾಗಿದೆ.

ಓದಿದ ಮಟ್ಟಿಗೆ, ಗಂಡಸರ ಪ್ಲಾಕ್‌ನಲ್ಲಿ ಕೊಬ್ಬಿನ ತಿರುಳು, ಒಳಗೇ ರಕ್ತ ಒಸರುವುದು ಹೆಚ್ಚು. ಹೆಂಗಸರದ್ದು ಸಾಮಾನ್ಯವಾಗಿ ನಾರಿನಂಥದ್ದು, ಒಡೆಯುವುದು ಕಡಿಮೆ. 50ರಿಂದ 69% ಕಿರಿದಾದವರಲ್ಲಿ ಆಪರೇಷನ್ನಿನ ಲಾಭ ಹೆಂಗಸರಿಗೆ ಗಂಡಸರಷ್ಟು ಸಿಗಲಿಲ್ಲ ಎಂದು ನಾಸೆಟ್ ಎಂಬ ಕ್ಯಾರೋಟಿಡ್ ಆಪರೇಷನ್ ಅಧ್ಯಯನದ 1998ರ ವರದಿಯಲ್ಲಿದೆ. ಹಾಗಂತ ಹೆಂಗಸರು ನಿಶ್ಚಿಂತರಲ್ಲ, ಮುಟ್ಟು ನಿಂತ ಮೇಲೆ ಅಪಾಯ ಏರುತ್ತದೆ.

ಇಲ್ಲಿ ನರರೋಗ ತಜ್ಞರಿದ್ದರೆ ದಯವಿಟ್ಟು ಹೇಳಿ: ಪ್ಲಾಕ್‌ನ ಒಳಗುಣ ತಿಳಿಯಲು ಎಂಆರ್‌ಐ ಕೇಳಬಹುದೇ? ಎಟ್ರಿಯಲ್ ಫಿಬ್ರಿಲೇಶನ್ (ಹೃದಯ ಬಡಿತ ಏರುಪೇರಾಗುವುದು) ಇದೆಯೇ ಎಂದು ಹೋಲ್ಟರ್ (ಬಡಿತವನ್ನು ಸತತವಾಗಿ ದಾಖಲಿಸುವ ಯಂತ್ರ) ಹಾಕಿಸಬೇಕೇ? ಬಸುರಿಯಲ್ಲಿ ಅಮ್ಮನಿಗೆ ಬಿಪಿ ವಿಪರೀತ ಏರಿತ್ತು. ಯಾರೂ ಅದನ್ನು ಕೇಳಿಲ್ಲ, ನಾವೇ ಹೇಳಬೇಕಲ್ಲವೇ?