ಮಿಶ್ರಛಾಪು ಟ್ರ್ಯಾಕನ್ನು ಟಿವಿ ಲೈಬ್ರರಿಗೆ ಕಳಿಸುವಾಗ ಕಟ್, ಸ್ಟೆಮ್, ಕಾಗದಪತ್ರ ಹೇಗಿರಬೇಕು?

ಶ್ರುತಿಪೆಟ್ಟಿಗೆ ಕೇಳಿದ್ದು:

ಹೊರದೇಶದ ಒಂದು ಪ್ರೊಡಕ್ಷನ್ ಮ್ಯೂಸಿಕ್ ಲೈಬ್ರರಿಯಿಂದ (ಟಿವಿ, ಸಿನಿಮಾಗಳಿಗೆ ಸಿದ್ಧ ಸಂಗೀತ ಒದಗಿಸುವ ಸಂಸ್ಥೆ) ಬ್ರೀಫ್, ಅಂದರೆ ಏನು ಬೇಕು ಅನ್ನುವ ವಿವರ ಬಂದಿದೆ. ಕ್ರೈಮ್ ಡಾಕ್ಯುಮೆಂಟರಿಯ ತನಿಖೆ ದೃಶ್ಯಗಳಿಗೆ ದಕ್ಷಿಣ ಭಾರತದ ವಾದ್ಯಗಳ ಟ್ರ್ಯಾಕ್ ಬೇಕಂತೆ. ಗಾಯನ ಬೇಡ. ಎರಡರಿಂದ ಎರಡೂವರೆ ನಿಮಿಷದ ಪೂರ್ತಿ ಟ್ರ್ಯಾಕ್, ಜೊತೆಗೆ 60, 30, 15 ಸೆಕೆಂಡಿನ ಕಟ್‌ಗಳು (ಚಿಕ್ಕ ಆವೃತ್ತಿಗಳು), ಸ್ಟೆಮ್‌ಗಳು (ಒಂದೊಂದು ವಾದ್ಯದ ಅಥವಾ ಗುಂಪಿನ ಬೇರೆ ಬೇರೆ ಫೈಲ್). ಒಪ್ಪಂದ ಎಕ್ಸ್‌ಕ್ಲೂಸಿವ್.

ವೀಣೆ, ಮೃದಂಗ, ಖಂಜಿರ, ತಂಬೂರಿ, ಅಡಿಯಲ್ಲಿ ಸಿಂತ್ ಬೇಸ್ ಅಂತ ಯೋಚಿಸಿದ್ದೇನೆ. ತಾಳ ಮಿಶ್ರಛಾಪು. ಏಳಕ್ಷರದ ತಾಳ ಎಡಿಟರ್‌ಗೆ ತೊಡಕಾಗುತ್ತಾ, ಆದಿತಾಳಕ್ಕೆ ಬದಲಿಸೋದು ಒಳ್ಳೆಯದಾ? ವೀಣೆಯವರನ್ನೂ ಮೃದಂಗದವರನ್ನೂ ಒಟ್ಟಿಗೆ ಕೂರಿಸಿ ರೆಕಾರ್ಡ್ ಮಾಡಬಹುದಾ? ಮಾಸ್ಟರ್ ಎಷ್ಟು ಜೋರಾಗಿರಬೇಕು? ನುಡಿಸುವವರಿಂದ ಏನು ಬರೆಸಿಕೊಳ್ಳಬೇಕು?

ಕಟ್‌ಪಾಯಿಂಟ್ ಉತ್ತರ:

ತಾಳ ಬದಲಿಸಬೇಡಿ. ತನಿಖೆ ದೃಶ್ಯಕ್ಕೆ ಬೇಕಾದ ಆ ನೆಮ್ಮದಿಗೆಟ್ಟ ನಡೆ ಮಿಶ್ರಛಾಪಿನಲ್ಲಿ ತಾನಾಗಿ ಬರುತ್ತೆ. ಎಡಿಟರ್‌ಗೆ ಏಳೋ ಎಂಟೋ ಮುಖ್ಯ ಅಲ್ಲ, ಎಲ್ಲಿ ಕತ್ತರಿ ಹಾಕಿದರೂ ಕಿವಿಗೆ ತಟ್ಟದೆ ಕೂಡಿಕೊಳ್ಳಬೇಕು, ಅಷ್ಟೇ. ಅದು ನಿಮ್ಮ ಲಯದ ಆಯ್ಕೆಯಲ್ಲಿದೆ.

ಪ್ರಾಜೆಕ್ಟನ್ನು 7/8ಕ್ಕೆ ಹಾಕಿ, ಕಾಲುಸ್ವರ (ಇಲ್ಲಿ ಎರಡಕ್ಷರದಷ್ಟು) 105 ಬಿಪಿಎಂ, ಅಂದರೆ ನಿಮಿಷಕ್ಕೆ 105 ಇಡಿ. ಆಗ ಅಕ್ಷರಗಳು ನಿಮಿಷಕ್ಕೆ 210, ಒಂದು ಆವರ್ತ (ತಾಳದ ಒಂದು ಸುತ್ತು) ಸರಿಯಾಗಿ 2 ಸೆಕೆಂಡ್. 25 ಫ್ರೇಮಿನ ಟಿವಿಯಲ್ಲಿ ಅದು 50 ಫ್ರೇಮ್. ಎಡಿಟರ್ ಟೈಮ್‌ಲೈನಿನಲ್ಲಿ ಸಮ (ಆವರ್ತದ ಮೊದಲ ಅಕ್ಷರ) ಎಲ್ಲಿದೆ ಅಂತ ಹುಡುಕೋದೇ ಬೇಡ. (ಆದಿತಾಳದ ಟ್ರ್ಯಾಕ್ ಮಾಡುವ ಸಂದರ್ಭ ಬಂದರೆ 96 ಬಿಪಿಎಂ ನೋಡಿ, ಅಲ್ಲಿ ಅಕ್ಷರಕ್ಕೊಂದು ಕಾಲುಸ್ವರ ಹಿಡಿದರೆ ಎಂಟಕ್ಷರದ ಆವರ್ತ 5 ಸೆಕೆಂಡಿಗೆ ಬರುತ್ತೆ.)

ಪೂರ್ತಿ ಟ್ರ್ಯಾಕಿಗೆ ಒಂದು ಹಂದರ: ಮೊದಲ 2 ಆವರ್ತ ಒಂದು ಏಟು ಮತ್ತು ತಂಬೂರಿ. 0:04ರಿಂದ 8 ಆವರ್ತ ಬೇಸ್ ಮತ್ತು ಖಂಜಿರ. 0:20ರಿಂದ 16 ಆವರ್ತ ವೀಣೆಯ ಸೊಲ್ಲು (ಚಿಕ್ಕ ಸ್ವರಗುಚ್ಛ). 0:52ರಿಂದ 8 ಆವರ್ತ ಎಲ್ಲ ಇಳಿಸಿ ತಂಬೂರಿ ಮತ್ತು ಬೇಸ್ ಮಾತ್ರ. 1:08ರಿಂದ 16 ಆವರ್ತ ಮೃದಂಗ ಬರಲಿ. 1:40ರಿಂದ 16 ಆವರ್ತ ಎಲ್ಲ ಸೇರಿ. 2:12ಕ್ಕೆ ಕೊನೆಯ ಏಟು, 2:16ಕ್ಕೆ ನಾದ ಆರಿರಬೇಕು. ನಿಧಾನ ಆಲಾಪನೆಯಿಂದ ಶುರು ಮಾಡುವ ಆಸೆ ಎಲ್ಲರಿಗೂ ಬರುತ್ತೆ. ಆದರೆ ಲೈಬ್ರರಿಯಲ್ಲಿ ಹುಡುಕುವವರು ಒಂದೊಂದು ಟ್ರ್ಯಾಕಿಗೆ ಕೊಡೋದು ಕೆಲವೇ ಸೆಕೆಂಡ್, ಅಷ್ಟರಲ್ಲಿ ಭಾವ ಗೊತ್ತಾಗದಿದ್ದರೆ ಮುಂದಿನದಕ್ಕೆ ಹೋಗುತ್ತಾರೆ.

ಕೊನೆಗೆ ಫೇಡ್‌ಔಟ್ ಬೇಡವೇ ಬೇಡ, ಖಚಿತವಾದ ಮುಕ್ತಾಯ ಇರಲಿ. ಕೊನೆಯ ಎರಡು ಆವರ್ತಕ್ಕೆ 14 ಅಕ್ಷರ ಸಿಗುತ್ತೆ: ತಕದಿಮಿ, ಒಂದಕ್ಷರ ಕಾರ್ವೆ (ಬಿಡುವು), ತಕದಿಮಿ, ಒಂದಕ್ಷರ ಕಾರ್ವೆ, ತಕದಿಮಿ. 4+1+4+1+4 ಸರಿಯಾಗಿ ಹದಿನಾಲ್ಕು. ಮುಂದಿನ ಸಮಕ್ಕೆ ತಾ ಅಂತ ಬಿದ್ದರೆ ದೃಶ್ಯ ಅಲ್ಲೇ ಮುಗಿಯುತ್ತೆ. ಈ ನಾಲ್ಕು ಸೆಕೆಂಡನ್ನೇ ಬೇರೆ ಫೈಲ್ ಮಾಡಿ ಸ್ಟಿಂಗ್ ಅಂತ ಕೊಡಿ, ಜಾಹೀರಾತು ವಿರಾಮಕ್ಕೆ ಹೋಗುವಾಗ ಹಾಕುತ್ತಾರೆ. ನಡುವೆ ಮಾತ್ರ ವಿಭಾಗ ದಾಟುವ ಉದ್ದನೆಯ ಕೋರ್ವೆ (ಲೆಕ್ಕ ಹಾಕಿ ಕಟ್ಟಿದ ಲಯದ ಜೋಡಣೆ) ಬೇಡ. ಅದನ್ನು ಅರ್ಧಕ್ಕೆ ಕಡಿದರೆ ತಾಳ ಗೊತ್ತಿಲ್ಲದವರ ಕಿವಿಗೂ ಏನೋ ಎಡವಿದಂತೆ ಕೇಳುತ್ತೆ.

ಚಿಕ್ಕ ಕಟ್‌ಗಳು: 30ಕ್ಕೆ 14 ಆವರ್ತ, 28ನೇ ಸೆಕೆಂಡಿಗೆ ಏಟು, 29.5ಕ್ಕೆ ಪೂರ್ತಿ ಮೌನ. 60ಕ್ಕೆ 29 ಆವರ್ತ, 58ಕ್ಕೆ ಏಟು. 15ಕ್ಕೆ 6 ಆವರ್ತ, 12ಕ್ಕೆ ಏಟು, ಉಳಿದದ್ದು ತಂಬೂರಿಯ ಬಾಲ. ಪೂರ್ತಿ ಟ್ರ್ಯಾಕಿನ ಮೊದಲ ಅರ್ಧ ನಿಮಿಷ ಕತ್ತರಿಸಿ 30 ಅಂತ ಕೊಟ್ಟರೆ ಅದರಲ್ಲಿ ಏರಿಕೆಯೇ ಇರಲ್ಲ. 2 ಆವರ್ತ ಪ್ರವೇಶ, 4 ಖಂಜಿರ, 4 ವೀಣೆ, 4 ಎಲ್ಲ ಸೇರಿ, ಹೀಗೆ ಹೊಸದಾಗಿ ಕಟ್ಟಿ.

ಮಿಕ್ಸ್‌ಮನೆ ಉತ್ತರ:

ಒಟ್ಟಿಗೆ ಕೂರಿಸಬೇಡಿ. ಒಂದೇ ಕೋಣೆಯಲ್ಲಿ ನುಡಿಸಿದರೆ ವೀಣೆಯ ಮೈಕಿಗೆ ಮೃದಂಗ ಬಿದ್ದೇ ಬೀಳುತ್ತೆ. ಎಡಿಟರ್ ಮೃದಂಗದ ಸ್ಟೆಮ್ ಮ್ಯೂಟ್ ಮಾಡಿದಾಗ ವೀಣೆಯ ಹಿಂದೆ ದೂರದಲ್ಲಿ ಮೃದಂಗ ಕೇಳ್ತಾ ಇದ್ದರೆ ಆ ಸ್ಟೆಮ್‌ನಿಂದ ಯಾರಿಗೂ ಉಪಯೋಗ ಇಲ್ಲ. ಕ್ಲಿಕ್ (ಲಯ ತೋರಿಸುವ ಟಿಕ್ ಸದ್ದು) ಮತ್ತು ತಂಬೂರಿಯ ಗೈಡ್ ಹಾಕಿಕೊಂಡು ಮೊದಲು ಖಂಜಿರ, ಮೃದಂಗ, ಆಮೇಲೆ ವೀಣೆ. ಕ್ಲಿಕ್ಕನ್ನು ಏಳೂ ಅಕ್ಷರಕ್ಕೆ ಹಾಕಿದರೆ ನುಡಿಸಾಣಿಕೆ ಬಿಗಿದುಕೊಳ್ಳುತ್ತೆ. ಏಳನ್ನು ಒಡೆದ ಮೂರು ಮತ್ತು ನಾಲ್ಕರ ಮೊದಲ ಅಕ್ಷರಕ್ಕೆ, ಅಂದರೆ ತಕಿಟದ ತ ಮತ್ತು ತಕದಿಮಿಯ ತ, ಎರಡೇ ಸಾಕು. ಮೃದಂಗಕ್ಕೆ ಬಲಕ್ಕೊಂದು ಎಡಕ್ಕೊಂದು ಮೈಕ್. ಬಲದ ಮುಖ ಶ್ರುತಿಗೆ ಸೇರಿರುತ್ತೆ ಅನ್ನೋದು ನೆನಪಿರಲಿ. ರೆಕಾರ್ಡ್ ಆದಮೇಲೆ ಇಡೀ ಟ್ರ್ಯಾಕನ್ನು ಅರ್ಧ ಸ್ವರ ಏರಿಸೋಣ ಅಂತ ಹೊರಟರೆ ಮೃದಂಗ ಮೊದಲು ಕೆಡುತ್ತೆ. ಶ್ರುತಿ ಮೊದಲೇ ನಿರ್ಧಾರ ಆಗಿರಲಿ.

ತಂಬೂರಿ ಕಡ್ಡಾಯವಾಗಿ ಬೇರೆ ಸ್ಟೆಮ್. ಅದರ ಮೀಟು ತಾಳದ ಲೆಕ್ಕಕ್ಕೆ ಸಿಗಲ್ಲ. ಎಡಿಟರ್ ಸಮದಲ್ಲೇ ಕತ್ತರಿಸಿದರೂ ತಂಬೂರಿ ಪಂಚಮದ ನಡುವೆ ಕಡಿದುಹೋಗಿ ಷಡ್ಜದ ನಡುವೆ ಶುರುವಾಗುತ್ತೆ. ಬೇರೆ ಸ್ಟೆಮ್ ಇದ್ದರೆ ಅದೊಂದನ್ನು ಮಾತ್ರ ಕ್ರಾಸ್‌ಫೇಡ್ ಮಾಡಿಕೊಳ್ಳುತ್ತಾರೆ. ಮೊಬೈಲ್ ಆ್ಯಪಿನ ತಂಬೂರಿಯನ್ನೇ ರೆಕಾರ್ಡ್ ಮಾಡಿ ಹಾಕೋದು ಬೇಡ, ಅದರೊಳಗಿರೋದು ಬೇರೆಯವರ ಧ್ವನಿಮುದ್ರಣ. ಪರವಾನಗಿಯಲ್ಲಿ ವಾಣಿಜ್ಯ ಬಳಕೆಗೆ ಅನುಮತಿ ಬರೆದಿಲ್ಲದಿದ್ದರೆ ಲೈಬ್ರರಿಗೆ ನೀವು ಕೊಡುವ ಖಾತರಿಯೇ ಸುಳ್ಳಾಗುತ್ತೆ. ಸ್ಯಾಂಪಲ್ ಲೈಬ್ರರಿಗಳಿಗೂ ಇದೇ ಮಾತು. ಕೆಲವು ತಯಾರಕರು ಪ್ರೊಡಕ್ಷನ್ ಮ್ಯೂಸಿಕ್ ಬಳಕೆಯನ್ನು ಹೆಸರಿಸಿಯೇ ಹೊರಗಿಟ್ಟಿರುತ್ತಾರೆ, ಪರವಾನಗಿ ಪೂರ್ತಿ ಓದಿ.

ಎಲ್ಲ ಸ್ಟೆಮ್ ಸೊನ್ನೆಯಿಂದಲೇ ಶುರುವಾಗಬೇಕು, ಎಲ್ಲದರ ಉದ್ದವೂ ಒಂದೇ, 48 ಕಿಲೋಹರ್ಟ್ಸ್, 24 ಬಿಟ್ ವೇವ್. ಪರೀಕ್ಷೆ ಹೀಗೆ: ಖಾಲಿ ಪ್ರಾಜೆಕ್ಟಿನಲ್ಲಿ ಸ್ಟೆಮ್‌ಗಳನ್ನೆಲ್ಲ ಹಾಕಿ, ಲಿಮಿಟರ್ ತೆಗೆದ ಪೂರ್ತಿ ಮಿಕ್ಸನ್ನೂ ಹಾಕಿ ಅದರ ಪೊಲಾರಿಟಿ ತಿರುಗಿಸಿ (ಧ್ವನಿಯಲೆ ತಲೆಕೆಳಗು ಮಾಡಿ), ಪ್ಲೇ ಮಾಡಿ. ಮೌನ ಬರಬೇಕು. ಏನಾದರೂ ಕೇಳಿಸಿದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣ: ಮಾಸ್ಟರ್ ಬಸ್ಸಿನಲ್ಲಿ ಕಂಪ್ರೆಸರ್ ಉಳಿದಿದೆ, ಮೃದಂಗದಿಂದ ಬೇಸಿಗೆ ಸೈಡ್‌ಚೈನ್ (ಮೃದಂಗ ಬಿದ್ದಾಗ ಬೇಸ್ ತಗ್ಗುವ ವ್ಯವಸ್ಥೆ) ಇದ್ದು ಸ್ಟೆಮ್ ತೆಗೆಯುವಾಗ ಮೃದಂಗ ಮ್ಯೂಟ್ ಆಗಿತ್ತು, ಅಥವಾ ರಿವರ್ಬಿನಲ್ಲಿ ಮಾಡ್ಯುಲೇಷನ್ ಇದೆ, ಅದು ಪ್ರತಿ ಸಲವೂ ಬೇರೆ ಥರ ಬರುತ್ತೆ. ಒಂದೊಂದು ಗುಂಪಿಗೂ ಅದರದ್ದೇ ರಿವರ್ಬ್ ಕೊಟ್ಟು ಸ್ಟೆಮ್‌ಗಳನ್ನು ಮೊದಲು ಪ್ರಿಂಟ್ ಮಾಡಿ, ಪೂರ್ತಿ ಮಿಕ್ಸನ್ನು ಆ ಸ್ಟೆಮ್‌ಗಳಿಂದಲೇ ಕೂಡಿಸಿದರೆ ಈ ತಾಪತ್ರಯ ಇರಲ್ಲ.

ಜೋರು: ಯುರೋಪಿನ ಪ್ರಸಾರದ −23 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ), ಅಮೆರಿಕದ −24, ಎರಡೂ ಇಡೀ ಕಾರ್ಯಕ್ರಮದ ಲೆಕ್ಕ. ನಿಮ್ಮ ಟ್ರ್ಯಾಕನ್ನು ಅಲ್ಲಿಗೆ ಇಳಿಸಬೇಡಿ, ಪಕ್ಕದ ಟ್ರ್ಯಾಕಿನೆದುರು ಸಪ್ಪೆಯಾಗಿ ಕೇಳುತ್ತೆ. ಲೈಬ್ರರಿಯ ನಿಯಮ ಇದ್ದರೆ ಅದೇ ಸರಿ, ಇಲ್ಲದಿದ್ದರೆ −14ರಿಂದ −12ರ ಆಸುಪಾಸು, ಟ್ರೂ ಪೀಕ್ (ಧ್ವನಿಯಲೆಯ ಅತಿ ಎತ್ತರದ ಮಟ್ಟ) −1. ಅದಕ್ಕಿಂತ ಹಿಂಡಿದರೆ ಮೃದಂಗದ ಚಾಪು ಏಟು ಚಪ್ಪಟೆಯಾಗುತ್ತೆ.

ಹಿನ್ನೆಲೆ_ಧ್ವನಿ ಉತ್ತರ:

ಕಟ್‌ಪಾಯಿಂಟ್ ಅವರ ಹಂದರಕ್ಕೆ ಒಂದು ತಕರಾರು. ಡಾಕ್ಯುಮೆಂಟರಿಯಲ್ಲಿ ಮುಕ್ಕಾಲು ಪಾಲು ನಿರೂಪಕರ ದನಿ ಓಡುತ್ತಿರುತ್ತೆ. ಮಾತಿನ ಸ್ಪಷ್ಟತೆ ಇರುವ 1ರಿಂದ 4 ಕಿಲೋಹರ್ಟ್ಸ್ ಜಾಗದಲ್ಲೇ ವೀಣೆಯ ಮೀಟು ಕೂತಿರೋದು. 32 ಸೆಕೆಂಡ್ ಎಡೆಬಿಡದೆ ವೀಣೆ ನುಡಿದರೆ ಮಿಕ್ಸ್ ಮಾಡುವವರು ಇಡೀ ಟ್ರ್ಯಾಕನ್ನೇ ಇಳಿಸುತ್ತಾರೆ, ನಿಮ್ಮ ಬೇಸೂ ಹೋಯಿತು. ಎರಡು ಆವರ್ತ ಸೊಲ್ಲು, ಎರಡು ಆವರ್ತ ಬಿಡುವು ಅಂತ ಬರೆಯಿರಿ. ಜೊತೆಗೆ ವೀಣೆಯೇ ಇಲ್ಲದ ಅಂಡರ್‌ಸ್ಕೋರ್ ಆವೃತ್ತಿ ಮತ್ತು ತಾಳವಾದ್ಯ ಇಲ್ಲದ ಆವೃತ್ತಿ ಕೊಡಿ. ಮಾತಿನ ಅಡಿಯಲ್ಲಿ ಬಳಕೆಯಾಗೋದು ಅವೇ.

ಎತ್ತುಗಡೆ ಬಗ್ಗೆಯೂ ಒಂದು ಮಾತು. ಅತೀತದಲ್ಲಿ, ಅಂದರೆ ಸಮಕ್ಕಿಂತ ಮೊದಲೇ ಸೊಲ್ಲು ಎತ್ತುವ ಅಭ್ಯಾಸ ನಮ್ಮವರಿಗೆ ಸಹಜ. ಎಡಿಟರ್ ಸಮಕ್ಕೆ ಕತ್ತರಿಸಿದಾಗ ಆ ಎತ್ತುಗಡೆಯ ಎರಡಕ್ಷರ ಹಿಂದಿನ ತುಂಡಿನಲ್ಲೇ ಉಳಿದುಬಿಡುತ್ತೆ. ಹಾಗೆಯೇ ಆವರ್ತದ ಗಡಿ ದಾಟುವ ಜಾರು ಗಮಕ. ವಿಭಾಗದ ಮೊದಲ ಸೊಲ್ಲನ್ನು ಸಮದಿಂದ ಅಥವಾ ಸಮ ಕಳೆದ ಮೇಲೆ ಎತ್ತಿ, ಕೊನೆಯ ಸ್ವರವನ್ನು ಆವರ್ತ ಮುಗಿಯುವುದಕ್ಕೆ ಮೊದಲೇ ನಿಲ್ಲಿಸಿ. ವಿಭಾಗದ ಒಳಗೆ ಎಷ್ಟು ಬೇಕಾದರೂ ಅತೀತ ಮಾಡಿ.

ಮೆಟಾಡೇಟಾದಲ್ಲಿ (ಫೈಲಿನ ಜೊತೆ ಹೋಗುವ ವಿವರ) ವೀಣೆಯನ್ನು ಸಿತಾರ್ ಅಂತ ಬರೆಯಬೇಡಿ. ಸೌತ್ ಇಂಡಿಯನ್ ವೀಣಾ, ಪ್ಲಕ್ಡ್ ಸ್ಟ್ರಿಂಗ್ಸ್, ಫ್ರೇಮ್ ಡ್ರಮ್ ಅಂತ ಬರೆದು, ಇನ್ವೆಸ್ಟಿಗೇಷನ್, ಸಸ್ಪೆನ್ಸ್, ಅನ್‌ಈಸಿ ಅಂತ ಭಾವ ಮತ್ತು ಬಳಕೆಯ ಪದ ಸೇರಿಸಿ. ಹುಡುಕುವವರು ರಾಗದ ಹೆಸರಿನಿಂದ ಹುಡುಕಲ್ಲ. ಬಿಪಿಎಂ, ಶ್ರುತಿ, 7/8 ಮೂರೂ ಇರಲಿ.

ಹಕ್ಕುಪತ್ರ ಉತ್ತರ:

ಕಾಗದದ ಬಗ್ಗೆ. ವೀಣೆ, ಮೃದಂಗ, ಖಂಜಿರ, ಮೂವರಿಂದಲೂ ರೆಕಾರ್ಡಿಂಗ್ ದಿನವೇ ಸಹಿ ಬೇಕು. ಸಂಭಾವನೆ ಕೊಟ್ಟ ರಸೀದಿ ಸಾಲದು. 1957ರ ಕಾಪಿರೈಟ್ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲೇ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಹಣ ಅಂತ ಬಿಡಿಸಿ ಬರೆದಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಅಂತಲೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಅಂತಲೂ ಕಾನೂನು ಎಣಿಸುತ್ತೆ. ಒಂದು ವರ್ಷದಲ್ಲಿ ಹಕ್ಕನ್ನು ಬಳಸದಿದ್ದರೆ ವರ್ಗಾವಣೆ ಬಿದ್ದುಹೋಗುತ್ತೆ, ಬೇರೆ ರೀತಿ ಬರೆದುಕೊಂಡಿದ್ದರೆ ಮಾತ್ರ ಉಳಿಯುತ್ತೆ. ಲೈಬ್ರರಿ ಟ್ರ್ಯಾಕ್ ಮೂರು ವರ್ಷ ಸುಮ್ಮನೆ ಕೂತು ಆಮೇಲೆ ಬಳಕೆಯಾಗೋದು ಮಾಮೂಲು, ಹಾಗಾಗಿ ಈ ಮೂರೂ ಸಾಲು ನಿಮ್ಮ ಪತ್ರದಲ್ಲಿ ಇರಲೇಬೇಕು. 39ಎ ಕಲಂ ಮೂಲಕ ಇದು ನುಡಿಸುವವರ ಹಕ್ಕಿಗೂ ಅನ್ವಯ. ಮುಕ್ತಾಯವನ್ನು ಮೃದಂಗದವರೇ ಕಟ್ಟಿಕೊಟ್ಟರೆ ಅವರು ಸಹ-ಸಂಯೋಜಕರಾ ಅಲ್ಲವಾ, ಹೌದಾದರೆ ಎಷ್ಟು ಪಾಲು, ಅದನ್ನೂ ಅಲ್ಲೇ ಬರೆಯಿರಿ. ಅವರ ಕೆಲಸಕ್ಕೆ ಅವರ ಹೆಸರು ಸೇರೋದು ನ್ಯಾಯ ಕೂಡ.

ಐಪಿಆರ್‌ಎಸ್ (ಸಂಯೋಜಕರ ರಾಯಲ್ಟಿ ಸಂಗ್ರಹಿಸಿ ಹಂಚುವ ಭಾರತದ ಸೊಸೈಟಿ) ಸದಸ್ಯತ್ವ ಮಾಡಿಸಿ ಐಪಿಐ ಸಂಖ್ಯೆ (ಸಂಯೋಜಕರ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಪಡೆಯಿರಿ. ಅದಿಲ್ಲದೆ ಕ್ಯೂ ಶೀಟಿನಲ್ಲಿ (ಕಾರ್ಯಕ್ರಮದಲ್ಲಿ ಬಳಸಿದ ಸಂಗೀತದ ಪಟ್ಟಿ) ನಿಮ್ಮ ಹೆಸರು ಬಂದರೂ ಹಣ ನಿಮ್ಮನ್ನು ಹುಡುಕಿಕೊಂಡು ಬರೋದು ಕಷ್ಟ. ಕ್ಯೂ ಶೀಟ್ ತುಂಬೋರು ಕಾರ್ಯಕ್ರಮದ ನಿರ್ಮಾಣದವರು; ಅವರು ನೋಡಿ ಬರೆಯೋದು ನಿಮ್ಮ ಫೈಲಿನೊಳಗಿನ ಮಾಹಿತಿ. ಶೀರ್ಷಿಕೆಯ ಸ್ಪೆಲಿಂಗ್ ಫೈಲ್, ಒಪ್ಪಂದ, ನೋಂದಣಿ ಮೂರರಲ್ಲೂ ಒಂದೇ ಇರಲಿ. ಒಪ್ಪಂದದಲ್ಲಿ ರೈಟರ್ಸ್ ಶೇರ್ (ರಾಯಲ್ಟಿಯಲ್ಲಿ ಸಂಯೋಜಕರ ಪಾಲು) ಪೂರ್ತಿ ನಿಮ್ಮದು, ಪಬ್ಲಿಷರ್ಸ್ ಶೇರ್ (ಪ್ರಕಾಶಕರ ಪಾಲು) ಲೈಬ್ರರಿಯದು, ಸಿಂಕ್ ಶುಲ್ಕ (ದೃಶ್ಯಕ್ಕೆ ಸಂಗೀತ ಬಳಸಲು ಕೊಡುವ ಹಣ) ಅರ್ಧರ್ಧ ಅನ್ನೋದು ವಾಡಿಕೆ. ರೈಟರ್ಸ್ ಶೇರ್‌ನಲ್ಲೂ ಪಾಲು ಕೇಳಿದರೆ ಸಹಿ ಹಾಕಬೇಡಿ. ಹೊರದೇಶದ ರಾಯಲ್ಟಿ ಸೊಸೈಟಿಯಿಂದ ಸೊಸೈಟಿಗೆ ದಾಟಿ ಬರುವಷ್ಟರಲ್ಲಿ ವರ್ಷ ಕಳೆಯೋದು ಸಾಮಾನ್ಯ, ಆ ಹಣ ನಂಬಿ ವಾದ್ಯದವರ ಸಂಭಾವನೆ ತಡೆಹಿಡಿಯಬೇಡಿ.

ಲೈಬ್ರರಿ ಅಮೆರಿಕದ್ದಾದರೆ ಡಬ್ಲ್ಯೂ-8ಬೆನ್ ಫಾರಂ (ಹೊರದೇಶದವರು ಅಮೆರಿಕದ ತೆರಿಗೆಗೆ ಕೊಡುವ ಘೋಷಣೆ) ಕೊಡಿ. ಕೊಡದಿದ್ದರೆ ರಾಯಲ್ಟಿಯಲ್ಲಿ 30% ಹಿಡಿಯುತ್ತಾರೆ, ಕೊಟ್ಟರೆ ಭಾರತದ ಜೊತೆಗಿನ ತೆರಿಗೆ ಒಪ್ಪಂದದ ಪ್ರಕಾರ 15%.

ಶ್ರುತಿಪೆಟ್ಟಿಗೆ:

ತುಂಬ ಉಪಕಾರವಾಯಿತು. ಇನ್ನೆರಡು ಸಂದೇಹ. ವೀಣೆಯ ಸೊಲ್ಲಿಗೆ ಒಂದು ದೇವರನಾಮದ ಧಾಟಿ ಬಳಸಿಕೊಳ್ಳಬಹುದಾ? ಲೈಬ್ರರಿಗೆ ಕೊಟ್ಟಮೇಲೆ ಇದನ್ನೇ ಡಿಸ್ಟ್ರಿಬ್ಯೂಟರ್ ಮೂಲಕ ಸ್ಟ್ರೀಮಿಂಗ್‌ಗೂ ಹಾಕಬಹುದಾ?

ಹಕ್ಕುಪತ್ರ ಉತ್ತರ:

ದೇವರನಾಮದ ಸಾಹಿತ್ಯ ದಾಸರದ್ದು, ಅದಕ್ಕೆ ಈಗ ಕಾಪಿರೈಟ್ ಇಲ್ಲ. ಆದರೆ ಇವತ್ತು ಎಲ್ಲರ ಬಾಯಲ್ಲಿರುವ ಎಷ್ಟೋ ಧಾಟಿಗಳು 20ನೇ ಶತಮಾನದ ವಿದ್ವಾಂಸರು ಹಾಕಿದ್ದು. ಸಂಯೋಜಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತೆ. ಯಾರ ಧಾಟಿ ಅಂತ ಖಚಿತವಾಗದೆ ಮುಟ್ಟಬೇಡಿ, ನಿಮ್ಮದೇ ಸೊಲ್ಲು ಕಟ್ಟಿ. ರಾಗ ಯಾರ ಸ್ವತ್ತೂ ಅಲ್ಲ.

ಎಕ್ಸ್‌ಕ್ಲೂಸಿವ್ ಅಂದಮೇಲೆ ಸ್ಟ್ರೀಮಿಂಗ್‌ಗೆ ಹಾಕೋದು ಒಪ್ಪಂದ ಮುರಿದ ಹಾಗೆ. ಬರವಣಿಗೆಯಲ್ಲಿ ಅನುಮತಿ ಸಿಕ್ಕರೂ ಡಿಸ್ಟ್ರಿಬ್ಯೂಟರ್ ಪುಟದಲ್ಲಿ ಯೂಟ್ಯೂಬ್ ಕಂಟೆಂಟ್ ಐಡಿ (ವಿಡಿಯೋಗಳಲ್ಲಿ ನಿಮ್ಮ ಟ್ರ್ಯಾಕನ್ನು ತಾನಾಗಿ ಗುರುತಿಸುವ ವ್ಯವಸ್ಥೆ) ಆಯ್ಕೆಗೆ ಟಿಕ್ ಹಾಕಬೇಡಿ. ಹಾಕಿದರೆ ಪರವಾನಗಿ ಪಡೆದ ಚಾನೆಲ್ಲಿನ ವಿಡಿಯೋ ಮೇಲೆಯೇ ನಿಮ್ಮ ಹೆಸರಿನಲ್ಲಿ ಕ್ಲೇಮ್ ಬೀಳುತ್ತೆ, ಲೈಬ್ರರಿ ಆ ಟ್ರ್ಯಾಕನ್ನು ಕ್ಯಾಟಲಾಗಿನಿಂದಲೇ ತೆಗೆಯುತ್ತೆ.