ಬಾಯಿ ಬಿಡದವನಿಗೆ ಕುರ್ಚಿ

ಸಂಜೆ ಆರಾದರೂ ಕಲಬುರಗಿಯ ಅಪ್ಪನ ಕೆರೆಯ ದಂಡೆಯ ಚಹಾದಂಗಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಹಂಚಿನಂತೆ ಕಾದಿದ್ದವು. ಎಲ್ಲರೂ ಅರ್ಧಂಬರ್ಧ ಕುಳಿತಿದ್ದೆವು. ವಕೀಲ ಮಲ್ಲಿನಾಥ ಮಾತ್ರ ಪೂರ್ತಿ ಕುಳಿತು ಮೊಬೈಲ್ ಎತ್ತಿ ಹಿಡಿದ.

"ಬಂತು ನೋಡಿ ಪಟ್ಟಿ! ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಕುರ್ಚಿ ಖಾಲಿಯಾದರೆ ಕೂರಬಹುದಾದ ಏಳು ಜನ."

"ಖಾಲಿಯಾಗಿದೆಯೇನು?" ಎಂದ ಶರಣಪ್ಪ.

"ಇನ್ನೂ ಇಲ್ಲ. ಪಟ್ಟಿ ಬಂದಿದೆ."

"ನನಗೆ ಆಗದಿರುವುದೇ ಇದು" ಎಂದರು ಮಾಸ್ತರರು. "ಕುಳಿತವರು ಉಸಿರಾಡುತ್ತಿರುವಾಗಲೇ ಅವರ ಕುರ್ಚಿಯ ಅಳತೆ ತೆಗೆಯುವುದು. ನಮ್ಮ ಓಣಿಯಲ್ಲಿ ಹೀಗೆ ಮಾಡಿದರೆ ಕಸಬರಿಗೆ ಹಿಡಿದು ಬರುತ್ತಾರೆ. ಮೊನ್ನೆ ಮಂತ್ರಿಗಳ ಪಟ್ಟಿ, ನಿನ್ನೆ ಕ್ರಿಕೆಟಿನ ಹನ್ನೊಂದು ಜನರ ಪಟ್ಟಿ, ಇವತ್ತು ವಾಷಿಂಗ್ಟನ್ನಿನ ಪಟ್ಟಿ. ನಮ್ಮ ನಳಕ್ಕೆ ನೀರು ಯಾವಾಗ ಬರುತ್ತದೆ ಎಂಬ ಪಟ್ಟಿಯನ್ನು ಮಾತ್ರ ಯಾವನೂ ಹಾಕುವುದಿಲ್ಲ."

"ಅದರ ತೂಕ ನಿಮಗೆ ತಿಳಿಯದು, ಮಾಸ್ತರರೇ. 1869ರಿಂದ ಅಲ್ಲಿ ಇರುವುದು ಒಂಬತ್ತೇ ಕುರ್ಚಿ. ನಮ್ಮಲ್ಲಿಯ ಹಾಗೆ 65ಕ್ಕೆ ನಿವೃತ್ತಿ ಇಲ್ಲ, ಕುಳಿತರೆ ಜೀವ ಇರುವವರೆಗೆ. ಅದಕ್ಕೇ ಹೆಸರು ಸೂಚಿಸುವ ಅಧ್ಯಕ್ಷರು ವಯಸ್ಸು ನೋಡುತ್ತಾರೆ. 2020ರಲ್ಲಿ ಆ ಕುರ್ಚಿಗೆ ಬಂದಾಗ ಆಮಿ ಬ್ಯಾರೆಟ್ ಅವರಿಗೆ 48."

"ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸಿದ ಹಾಗೆ" ಎಂದ ಶರಣಪ್ಪ. ಅಡತಿ ಅಂಗಡಿಯವನಿಗೆ ಲೋಕವೆಲ್ಲ ಸಂತೆ.

"ಅಷ್ಟೇ ವ್ಯತ್ಯಾಸ. ಅಲ್ಲಿ ಬಾಯಿ ಬಿಟ್ಟ ಎತ್ತನ್ನು ಯಾರೂ ಕೊಳ್ಳುವುದಿಲ್ಲ" ಎಂದರು ಮಾಸ್ತರರು. "1987ರಲ್ಲಿ ಅಧ್ಯಕ್ಷ ರೇಗನ್ ಈ ಕುರ್ಚಿಗೆ ರಾಬರ್ಟ್ ಬೋರ್ಕ್ ಅವರನ್ನು ಹೆಸರಿಸಿದರು. ದೊಡ್ಡ ಪಂಡಿತರು. ಅಲ್ಲಿಯ ಸಂಸತ್ತಿನ ಮೇಲ್ಮನೆ ಸೆನೆಟ್ ಒಪ್ಪಬೇಕು. ಅದರ ಸಮಿತಿ ಕೂಡಿಸಿಕೊಂಡು ಪ್ರಶ್ನೆ ಕೇಳಿತು. ಆ ಪುಣ್ಯಾತ್ಮರು ಉತ್ತರ ಕೊಟ್ಟುಬಿಟ್ಟರು! ಸೆನೆಟ್ಟಿನಲ್ಲಿ ಪರವಾಗಿ 42, ವಿರುದ್ಧ 58. ಮುಂದೆ ಬಂದವರೆಲ್ಲ ಪಾಠ ಕಲಿತರು. ಏನು ಕೇಳಿದರೂ, ಆ ವಿಷಯ ನಾಳೆ ನನ್ನ ಮುಂದೆ ಬರಬಹುದು, ಈಗ ಹೇಳಲಾರೆ. ಜೀವನವಿಡೀ ತೀರ್ಪು ಹೇಳುವ ಕೆಲಸಕ್ಕೆ, ತಲೆಯಲ್ಲಿ ಏನೂ ಇಲ್ಲವೆಂದು ತೋರಿಸಿಕೊಳ್ಳಬಲ್ಲವರೇ ಅರ್ಹರು. ಈಜು ಬರುವುದಿಲ್ಲವೆಂದು ಆಣೆ ಮಾಡಿದವನಿಗೆ ಅಂಬಿಗನ ಕೆಲಸ."

"ನಮ್ಮಲ್ಲಿ ಹೇಗೆ, ವಕೀಲ ಸಾಹೇಬರೇ?" ಎಂದರು ಖಾಜಾಸಾಹೇಬರು.

"ಕೊಲಿಜಿಯಂ. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳು ಮತ್ತು ಅವರ ನಂತರದ ನಾಲ್ವರು ಹಿರಿಯರು ಕುಳಿತು ಹೆಸರು ಕಳಿಸುತ್ತಾರೆ. ಅದನ್ನು ಬದಲಿಸಲು ಸಂಸತ್ತು ಮಾಡಿದ ಕಾನೂನನ್ನು 2015ರಲ್ಲಿ ಅದೇ ಕೋರ್ಟು ರದ್ದು ಮಾಡಿತು."

"ಅಲ್ಲಿ ಊರೆಲ್ಲ ನೋಡುತ್ತದೆ, ಕುಳಿತವನು ಮಾತಾಡುವುದಿಲ್ಲ. ಇಲ್ಲಿ ಮಾತಾಡುತ್ತಾರೆ, ಊರು ನೋಡುವಂತಿಲ್ಲ" ಎಂದು ಮಾಸ್ತರರು ಮಿರ್ಚಿ ಭಜಿಯ ತೊಟ್ಟನ್ನು ತಟ್ಟೆಯ ಅಂಚಿಗೆ ಸರಿಸಿದರು. "ನಮ್ಮ ಮರತೂರಿನ ವಿಜ್ಞಾನೇಶ್ವರನನ್ನೇ ತೆಗೆದುಕೊಳ್ಳಿ. ಒಂಬೈನೂರು ವರ್ಷದ ಹಿಂದೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಕುಳಿತು ಮಿತಾಕ್ಷರ ಎಂಬ ಧರ್ಮಶಾಸ್ತ್ರದ ವ್ಯಾಖ್ಯಾನ ಬರೆದ. ಬ್ರಿಟಿಷರ ಕೋರ್ಟುಗಳೂ ಅದನ್ನು ಬಿಡಿಸಿ ನೋಡಿ ಆಸ್ತಿ ಹಂಚಿದವು. ಇವತ್ತು ಅವನ ಹೆಸರು ಸೆನೆಟ್ಟಿಗೆ ಹೋಗಲಿ, ಮೊದಲ ದಿನವೇ ಬಿದ್ದುಹೋಗುತ್ತದೆ. ಬರೆದದ್ದು ಜಾಸ್ತಿ! ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದಿದ್ದಾನೆ. ಆಸ್ತಿವಂತ ಅಪ್ಪಂದಿರ ಮತ ಹೋಯಿತು. ಬಂಗಾಳದವರದು ದಾಯಭಾಗ, ಅಪ್ಪ ಹೋದ ಮೇಲೆಯೇ ಮಗನಿಗೆ ಹಕ್ಕು. ಅವರ ಮತವೂ ಹೋಯಿತು."

"ಅವನಿಗೆ ಮರತೂರಿನ ಮತವಾದರೂ ಬೀಳುತ್ತಿತ್ತೇ?" ಎಂದೆ ನಾನು.

"ಅಲ್ಲಿ ಎರಡು ಗುಂಪು ಇರುತ್ತಿದ್ದವು."

ಮಲ್ಲಿನಾಥನಿಗೆ ಪಟ್ಟಿ ಕೈಬಿಟ್ಟು ಹೋಗುತ್ತಿದೆ ಎನಿಸಿರಬೇಕು. "ಒಂದು ಸೋಜಿಗ ಕೇಳಿ. ಆ ಕುರ್ಚಿಗೆ ಇಷ್ಟೇ ವಯಸ್ಸು ಎಂದು ಅವರ ಸಂವಿಧಾನ ಹೇಳುವುದಿಲ್ಲ. ಕಾನೂನು ಪದವಿ ಬೇಕೆಂದೂ ಇಲ್ಲ."

ಶರಣಪ್ಪ ಅಂಗಿಯ ಕಾಲರು ಸರಿಮಾಡಿಕೊಂಡ. "ಹಾಗಾದರೆ ನನ್ನ ಹೆಸರು ಬರೆದುಕೊಳ್ಳಿ."

"ನೀನು ಹೋದ ವರ್ಷ ಮಾರುಕಟ್ಟೆಯಲ್ಲಿ ಮೈಕು ಹಿಡಿದು ತೊಗರಿ ದರದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದವನು. ಅನರ್ಹ" ಎಂದರು ಮಾಸ್ತರರು.

ಅಲ್ಲಿಂದ ಶುರುವಾಯಿತು ಶೋಧ. ಕಲಬುರಗಿಯಲ್ಲಿ ಯಾವ ವಿಷಯದ ಮೇಲೂ ಅಭಿಪ್ರಾಯ ಹೇಳದವನು ಯಾರು? ಖಾಜಾಸಾಹೇಬರು ಬಸ್ ನಿರ್ವಾಹಕರಾಗಿ ಮೂವತ್ತು ವರ್ಷ ಚಿಲ್ಲರೆಯ ಬಗ್ಗೆ ತೀರ್ಪು ಕೊಟ್ಟವರು, ಬಿದ್ದರು. ಮಲ್ಲಿನಾಥ ದುಡ್ಡು ತೆಗೆದುಕೊಂಡು ಅಭಿಪ್ರಾಯ ಹೇಳುವವನು, ಬಿದ್ದ. ನಾನು ಇದನ್ನೆಲ್ಲ ಬರೆಯುವವನು, ನನ್ನ ಹೆಸರನ್ನು ಯಾರೂ ಎತ್ತಲೇ ಇಲ್ಲ. ಕಡೆಗೆ ಎಲ್ಲರ ಕಣ್ಣು ಹಣಮಂತನ ಮೇಲೆ ಬಿತ್ತು. ಎಂಟು ವರ್ಷದಿಂದ ಚಹಾ ತಂದಿಡುತ್ತಾನೆ. "ಎಷ್ಟು?" ಎಂಬುದನ್ನು ಬಿಟ್ಟು ಅವನ ಬಾಯಿಂದ ಇನ್ನೊಂದು ಮಾತನ್ನು ಕೇಳಿದವರಿಲ್ಲ.

"ಹಣಮಂತ, ಬಾರಪ್ಪ ಇಲ್ಲಿ. ಈ ಅಂಗಡಿಯ ಸುಸಲಾ ಚೆನ್ನಾಗಿರುತ್ತದೆಯೋ, ಎದುರಿನವರದೋ?"

ಅವನು ಮಾಲೀಕನ ಕಡೆ ನೋಡಿದ. ಬಟ್ಟೆಯಿಂದ ಮೇಜು ಒರೆಸಿದ. "ಎದುರಿನವರದು" ಎಂದು ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸಿಕೊಂಡು ಹೊರಟುಹೋದ.

"ಹೋಯಿತು" ಎಂದ ಮಲ್ಲಿನಾಥ.

"ಇಂಥವನೇ ಬೇಕಾಗಿತ್ತು" ಎಂದರು ಮಾಸ್ತರರು. "ಅದಕ್ಕೇ ಸಿಗುವುದಿಲ್ಲ."

"ಯಾರೂ ಸಿಗದಿದ್ದರೆ?" ಎಂದರು ಖಾಜಾಸಾಹೇಬರು.

"ಖಾಲಿ ಇಡುತ್ತಾರೆ" ಎಂದ ಮಲ್ಲಿನಾಥ. "2016ರಲ್ಲಿ ನ್ಯಾಯಮೂರ್ತಿ ಸ್ಕಾಲಿಯಾ ತೀರಿಕೊಂಡಾಗ ಒಬಾಮಾ ನ್ಯಾಯಾಧೀಶ ಗಾರ್ಲಂಡ್ ಅವರ ಹೆಸರು ಕಳಿಸಿದರು. ಚುನಾವಣೆಯ ವರ್ಷ ಎಂದು ಸೆನೆಟ್ ವಿಚಾರಣೆಗೇ ಕರೆಯಲಿಲ್ಲ. 293 ದಿನ ಹೆಸರು ಹಾಗೆಯೇ ಬಿದ್ದಿತ್ತು. 2020ರಲ್ಲಿ ಮತದಾನಕ್ಕೆ ಎಂಟೇ ದಿನ ಇರುವಾಗ ಬ್ಯಾರೆಟ್ ಅವರನ್ನು ಒಪ್ಪಿದರು."

"ನೋಡಿ, ಒಲ್ಲೆ ಎನ್ನುವುದಕ್ಕೂ ಬಾಯಿ ಬಿಡಲಿಲ್ಲ" ಎಂದರು ಮಾಸ್ತರರು.

ಭೀಮರಾಯರಿದ್ದರೆ ಬಾಯಿ ಬಿಡುತ್ತಿದ್ದರು. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. ಮೂವತ್ತು ವರ್ಷ ಬೇರೆಯವರ ತೀರ್ಪುಗಳ ಕಡತ ಕಟ್ಟಿ, ನಿವೃತ್ತರಾದ ಮೇಲೆ ತಮ್ಮ ತೀರ್ಪುಗಳನ್ನೆಲ್ಲ ಇಲ್ಲಿಯೇ ಕೊಟ್ಟರು. ಚಹಾದ ಹಣ ಯಾರದು, ಮಲ್ಲಿನಾಥ ಹೇಳಿದ್ದರಲ್ಲಿ ಸುಳ್ಳೆಷ್ಟು, ಯಾರ ಮಗನ ಮದುವೆಗೆ ಯಾರು ಹೋಗದೇ ತಪ್ಪು ಮಾಡಿದರು. ಮೇಲ್ಮನವಿಗೆ ಅವಕಾಶವಿರಲಿಲ್ಲ. ಬರುವ ಆಷಾಢಕ್ಕೆ ಅವರು ತೀರಿಹೋಗಿ ವರ್ಷ. ಕೆರೆಗೆ ಬೆನ್ನು ಮಾಡಿದ ಆರನೆಯ ಕುರ್ಚಿ ಅವರದು. ಮುರಿದ ಹಿಂದಿನ ಕಾಲಿಗೆ ಅವರೇ ತಾಮ್ರದ ತಂತಿ ಸುತ್ತಿದ್ದರು, ಹನ್ನೊಂದು ಸುತ್ತು.

ಪಕ್ಕದ ಮೇಜಿಗೆ ಹುಡುಗರ ಗುಂಪು ಬಂತು. ಒಬ್ಬನಿಗೆ ಜಾಗ ಸಾಲಲಿಲ್ಲ. ಆ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ಕೇಳಿದ: "ಕಾಕಾ, ಇದು ಖಾಲಿ ಇದೆಯೇ?"

"ಬರುವವರಿದ್ದಾರೆ" ಎಂದೆವು ಐವರೂ, ಒಟ್ಟಿಗೆ.